ಹೆಂಡತಿಯ ಹೆಸರಿನ ಬೆಂಚನ್ನು ಕದಲಿಸಲು ಪರವಾನಗಿ ಕೋರಿ

ನಮ್ಮ ಪೇಠೆಯ ಹಿಂದಿನ ಉದ್ಯಾನದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ಉದ್ಯಾನದೊಳಗಿನ ನಡೆಯುವ ದಾರಿಯ ಮೇಲೆ ಹನ್ನೊಂದು ಕಬ್ಬಿಣದ ಬೆಂಚುಗಳನ್ನು ಹಾಕಿಸಿದ್ದೀರಿ. ದಾರಿಯ ಪಕ್ಕದಲ್ಲಿ ಜಾಗ ಬೇಕಾದಷ್ಟಿತ್ತು. ಆದರೂ ದಾರಿಯ ಮೇಲೆಯೇ ಹಾಕಿಸಿದ್ದೀರಿ. 'ಹಿರಿಯ ನಾಗರಿಕರ ಸೋಯಿಗಾಗಿ', ಎಂದರೆ ಅನುಕೂಲಕ್ಕಾಗಿ, ಎಂದು ಫಲಕವನ್ನೂ ಬರೆಸಿದ್ದೀರಿ. ಈ ಸೋಯಿಯ ದೆಸೆಯಿಂದ ನನ್ನ ಹೆಂಡತಿಯ ಹೃದಯ ಕೆಡುತ್ತಿದೆ. ಬೆಂಚುಗಳನ್ನು ಅಲ್ಲಿಂದ ಬಿಚ್ಚಿ ಹುಲ್ಲಿನ ಮೇಲೆ ಹಾಕಿಸಬೇಕೆಂಬುದೇ ಈ ಪತ್ರದ ವಿಷಯ. ಕೆಲಸದ ಒತ್ತಡವಿದ್ದರೆ ತಾವು ಓದನ್ನು ಇಲ್ಲಿಗೇ ನಿಲ್ಲಿಸಿ ಆದೇಶ ಹೊರಡಿಸಬಹುದು. ಮುಂದಿನದೆಲ್ಲ ಪುರುಸೊತ್ತಿದ್ದವರಿಗೆ.

ಮಿರಜಿನಲ್ಲಿ ಕೂತು ಮರಾಠಿ ಕಚೇರಿಗೆ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾನೆ ಈ ಮುದುಕ ಎಂದು ತಮಗೆ ಅನ್ನಿಸಬಹುದು. ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ತಮ್ಮ ಕಚೇರಿಯ ದುಂಡು ಮೊಹರು ಬಿದ್ದಿದೆ, ಮೂರಕ್ಕೂ ಉತ್ತರ ಬಂದಿಲ್ಲ. ತಿಳಿಯುವ ಭಾಷೆಯಲ್ಲಿ ಬರೆದು ಆಗದ ಕೆಲಸ ತಿಳಿಯದ ಭಾಷೆಯಲ್ಲಿ ಬರೆದರೆ ಇನ್ನೇನು ಕೆಟ್ಟೀತು ಎಂಬ ಧೈರ್ಯದಿಂದ ಗಡಿಯಾಚೆಯ ಪತ್ರಿಕೆಗೆ ಕೊಟ್ಟಿದ್ದೇನೆ. ಮೇಲಾಗಿ ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರಿಗೇನೂ ಕೊರತೆಯಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಒಳಗಿನಿಂದ ಕೇಳಿಬರುವುದೆಲ್ಲ ಕನ್ನಡವೇ. ಅವರಲ್ಲೊಬ್ಬರು ಊಟವಾದ ಮೇಲೆ ತಮಗೆ ಓದಿ ಹೇಳಲಿ.

ನಾನು ಪೇಠೆಯಲ್ಲಿ ಬೆಲ್ಲ, ಅರಿಷಿಣದ ಸಗಟು ವ್ಯಾಪಾರಿ. ವಯಸ್ಸು ಎಪ್ಪತ್ತನಾಲ್ಕು. ನನ್ನ ಹೆಂಡತಿ ಗಿರಿಜಾಬಾಯಿಗೆ ಅರವತ್ತೊಂಬತ್ತು. ಹೋದ ವರ್ಷ ಸಂಕ್ರಾಂತಿ ಮುಗಿದ ಮೂರನೆಯ ದಿನ ಅವಳಿಗೆ ಎದೆ ಹಿಡಿಯಿತು, ಆ ವಾರದಲ್ಲೇ ಬೈಪಾಸ್ ಆಯಿತು. ಮಿರಜಿನಲ್ಲಿ ದವಾಖಾನೆಗಳಿಗೆ ಬರವಿಲ್ಲ. ನಾಲ್ಕು ಜಿಲ್ಲೆಯ ಹೃದಯಗಳು ಇಲ್ಲಿಗೇ ಬಂದು ದುರಸ್ತಿಯಾಗುತ್ತವೆ. ಅವಳದೂ ಆಯಿತು. ಗಾಯ ಮಾಯ್ದ ಮೇಲೆ ಡಾಕ್ಟರು, ಇನ್ನು ಹನ್ನೆರಡು ವಾರ ಹೃದ್ರೋಗಿಗಳ ವ್ಯಾಯಾಮ ವಿಭಾಗಕ್ಕೆ ಬರಬೇಕು ಎಂದರು. ನನಗೆ ಗಾಬರಿಯಾಯಿತು. ಹೃದಯ ಕೊಯ್ದು ಹೊಲಿದವರು ಆ ಹೊಲಿಗೆಯ ಮೇಲೆ ವ್ಯಾಯಾಮ ಮಾಡಿಸುತ್ತಾರಂತೆ! ಇದು ದವಾಖಾನೆಯೋ ಗರಡಿಮನೆಯೋ ಎಂದು ನಾನು ಕೇಳಿಯೂ ಬಿಟ್ಟೆ.

ಆ ವಿಭಾಗದಲ್ಲಿ ವೃಷಾಲಿ ಎಂಬ ಹುಡುಗಿ ಫಿಜಿಯೋಥೆರಪಿಸ್ಟ್. ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಎಣಿಕೆ ಶಾಲೆಯಿಂದ, ಬೈಗುಳ ಅಜ್ಜಿಯಿಂದ ಬಂದದ್ದಂತೆ. ಮೊದಲ ದಿನ ಅವಳು ಉದ್ದನೆಯ ಕಾರಿಡಾರಿನಲ್ಲಿ ಗಿರಿಜೆಯನ್ನು ನಿಲ್ಲಿಸಿ, ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು ನಡೆಯಿರಿ ಎಂದಳು. ಗಿರಿಜೆ ಸೆರಗು ಸಿಗಿಸಿಕೊಂಡು ಹೊರಟಳು. ಮದುವೆಯಾಗಿ ನಲವತ್ತೊಂಬತ್ತು ವರ್ಷಗಳಲ್ಲಿ ಅವಳು ಕೈಯಲ್ಲಿ ಕೊಡ, ಚೀಲ, ಕೂಸು, ತಟ್ಟೆ ಏನೂ ಇಲ್ಲದೆ, ಯಾರ ಕೆಲಸಕ್ಕೂ ಅಲ್ಲದೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಇನ್ನೂರ ನಲವತ್ತು ಮೀಟರ್ ಆಯಿತು. ವೃಷಾಲಿ ಚೀಟಿಯಲ್ಲಿ ಬರೆದುಕೊಂಡಳು.

"ಮಾವಶಿ, ನಡೀವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು," ಎಂದು ಆಕೆ ನಿಯಮ ಹೇಳಿದಳು. "ಹಾಡಾಕ ಬಂತಂದ್ರ ನೀವು ಭಾಳ ಸಾವಕಾಶ ನಡದೀರಿ ಅಂತ."

"ನನಗ ಕುಂತ್ರೂ ಹಾಡ ಬರೂದಿಲ್ಲ ಬಿಡವಾ," ಎಂದಳು ಗಿರಿಜೆ.

ಅಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ಗುರಿ ಬರೆಸುತ್ತಿದ್ದರು. ಕಸಬೆ ಡಿಗ್ರಜದ ಬಾಹುಬಲಿ ಎಂಬ ರೈತರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ನಮ್ಮ ಜೊತೆಗೇ ಬರುತ್ತಿದ್ದವರು, ತಮ್ಮ ಕಬ್ಬಿನ ಹೊಲವನ್ನು ಒಂದು ಸುತ್ತು ಹಾಕಬೇಕು ಎಂದು ಬರೆಸಿದರು. ಗಿರಿಜೆ ಬಹಳ ಹೊತ್ತು ಯೋಚಿಸಿ, ಮ್ಹೈಸಾಳದ ಬಸ್ ಸ್ಟ್ಯಾಂಡಿನಿಂದ ಅಕ್ಕನ ಮನೆಗೆ ಎಲ್ಲೂ ಕೂರದೆ ನಡೆದು ಹೋಗಬೇಕು ಎಂದಳು. ಆಕೆಯ ಅಕ್ಕ ಸುಶೀಲಾಬಾಯಿಗೆ ಎಂಬತ್ತೊಂದು. ಮೊಣಕಾಲು ಹೋಗಿ ಹೊಸ್ತಿಲು ದಾಟುವುದಿಲ್ಲ. ತಂಗಿಯ ಆಪರೇಶನ್ನಿಗೆ ಬರಲಾಗಲಿಲ್ಲವೆಂದು ಫೋನಿನಲ್ಲಿ ಅತ್ತು ಅತ್ತು, ನೀನು ನಡೆದು ಬಂದದ್ದನ್ನು ನೋಡಿದರೇ ನನಗೆ ಸಮಾಧಾನ, ಕಾರಿನಲ್ಲಿ ತಂದು ಇಳಿಸಿದರೆ ನಂಬುವುದಿಲ್ಲ ಎಂದಿದ್ದರು. ಸ್ಟ್ಯಾಂಡಿನಿಂದ ಅವರ ಮನೆ ನಾನೂರು ಮೀಟರಿಗೆ ತುಸು ಮೇಲೆ. ವೃಷಾಲಿ ಮೊಬೈಲಿನಲ್ಲಿ ಅಳೆದು ಹೇಳಿದಳು.

ಹನ್ನೆರಡನೆಯ ವಾರ ಅದೇ ಕಾರಿಡಾರಿನಲ್ಲಿ ಮತ್ತೆ ಅಳೆದರು. ನಾನೂರ ಹತ್ತು ಮೀಟರ್! ಬಾಹುಬಲಿ ಚಪ್ಪಾಳೆ ಹೊಡೆದರು. ಗಿರಿಜೆ ಏದುಸಿರು ಬಿಡುತ್ತ ನನ್ನ ಕಡೆ ನೋಡಿ ನಕ್ಕಳು. ಆ ನಗು ನನ್ನ ಅಂಗಡಿಯ ಯಾವ ದೀಪಾವಳಿ ಪೂಜೆಯಲ್ಲೂ ನಾನು ಕಂಡಿರಲಿಲ್ಲ. ವೃಷಾಲಿ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ಇದು ಗಳಿಸಿ ಇಟ್ಟ ಆಸ್ತಿ ಅಲ್ರಿ. ದಿನಾ ಅರ್ಧ ತಾಸು ನಡದ್ರ ಇರ್ತದ, ಬಿಟ್ರ ಹೋಗ್ತದ. ಮನ್ಯಾಗ ಯಾರೂ ಇವರನ್ನ ಕುಂದ್ರಿಸಬ್ಯಾಡ್ರಿ," ಎಂದಳು. ನಾನು ತಲೆಯಾಡಿಸಿದೆ. ವ್ಯಾಪಾರಿಯ ತಲೆ; ಆಡಿಸಿ ರೂಢಿ.

ಅಲ್ಲಿಂದ ಎರಡು ತಿಂಗಳು ತಮ್ಮ ಉದ್ಯಾನವೇ ಅವಳ ಔಷಧವಾಗಿತ್ತು. ಇದನ್ನು ನಾನು ಕೃತಜ್ಞತೆಯಿಂದಲೇ ಬರೆಯುತ್ತಿದ್ದೇನೆ. ಐದು ಅಡಿ ಅಗಲದ ಸಪಾಟಾದ ಕಾಂಕ್ರೀಟು ದಾರಿ, ಒಂದು ಸುತ್ತಿಗೆ ಇನ್ನೂರೈವತ್ತು ಮೀಟರ್, ಬೈಕು ಬರುವುದಿಲ್ಲ, ನಾಯಿ ಬಂದರೆ ಕಾವಲುಗಾರ ದಾದಾಸಾಬ ಓಡಿಸುತ್ತಾರೆ. ಊರೊಳಗಿನ ರಸ್ತೆಗಳ ವಿಷಯ ತಮಗೆ ತಿಳಿದೇ ಇದೆ. ಅಲ್ಲಿ ಪಾದಚಾರಿ ದಾರಿ ಇರುವಲ್ಲಿ ಅಂಗಡಿಯಿದೆ, ಅಂಗಡಿ ಇಲ್ಲದಲ್ಲಿ ಗುಂಡಿಯಿದೆ. ಗುಂಡಿ ಮುಚ್ಚಿದಲ್ಲಿ ಯಾರೋ ಬೈಕು ನಿಲ್ಲಿಸಿರುತ್ತಾರೆ. ಎದೆ ಹೊಲಿಸಿಕೊಂಡ ಹೆಂಗಸು ಬೆಳಿಗ್ಗೆ ನಡೆಯಲು ಪೇಠೆಯಿಂದ ತಲುಪಬಹುದಾದ ದಾರಿ ಇದೊಂದೇ. ಗಿರಿಜೆ ಒಂಬತ್ತು ಗಜದ ನೌವಾರಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಆರು ಸುತ್ತು ಹಾಕುತ್ತಿದ್ದಳು. ಬೂಟು ನೋಡಿ ನಕ್ಕವರನ್ನು ಎರಡನೆಯ ಸುತ್ತಿನಲ್ಲಿ ಮಾತಾಡಿಸುತ್ತಿದ್ದಳು.

ಇನ್ನು ಬೆಂಚುಗಳ ಕಥೆ. ಮಾನ್ಯರೇ, ಇಲ್ಲಿಯವರೆಗೆ ತಪ್ಪೆಲ್ಲ ತಮ್ಮದೇ ಎಂಬಂತೆ ಬರೆದುಕೊಂಡು ಬಂದೆ. ತಮ್ಮ ಕಡತದಲ್ಲಿ ಹೇಗೂ ಇರುತ್ತದೆ, ನಾನೇ ಹೇಳಿಬಿಡುವುದು ಮರ್ಯಾದೆ. ಹನ್ನೊಂದರಲ್ಲಿ ಮೊದಲನೆಯ ಬೆಂಚು ಕೊಟ್ಟವನು ನಾನು.

ಕೊಟ್ಟದ್ದಕ್ಕೆ ಕಾರಣ ಹೇಳುತ್ತೇನೆ. ನಮ್ಮ ಪೇಠೆಯಲ್ಲಿ ಮೂರು ತರದ ಜನ. ಹಮಾಲ ನಡೆಯುತ್ತಾನೆ, ಗುಮಾಸ್ತ ನಿಲ್ಲುತ್ತಾನೆ, ಧಣಿ ಕೂರುತ್ತಾನೆ. ಹದಿನೆಂಟನೆಯ ವಯಸ್ಸಿನಲ್ಲಿ ನನ್ನನ್ನು ಗಾದಿಯ ಮೇಲೆ ಕೂರಿಸಿದ ದಿನ ನಮ್ಮಪ್ಪ ಪೇಠೆಗೆಲ್ಲ ಪೇಢೆ ಹಂಚಿದ್ದರು. ಮನೆಗೆ ಯಾರು ಬಂದರೂ ನಮ್ಮ ಬಾಯಿಂದ ಮೊದಲು ಬರುವ ಮಾತು 'ಬರ್ರಿ, ಕುಂದ್ರಿ'. ಕುಂದ್ರಿ ಎನ್ನದಿದ್ದರೆ ಅಪಮಾನ. ಕುಂದ್ರಿ ಎಂದಾಗ ಕೂರದಿದ್ದರೆ ಅದಕ್ಕಿಂತ ದೊಡ್ಡ ಅಪಮಾನ. ಹೆಂಡತಿ ಸಾವಿನ ಬಾಯಿಂದ ಎದ್ದು ಬಂದಳು. ಅವಳಿಗೆ ಏನು ಕೊಡಲಿ? ನನಗೆ ಗೊತ್ತಿದ್ದ ಅತ್ಯಂತ ದೊಡ್ಡ ವಸ್ತು ಆಸನ. ಮನೆಯಲ್ಲಿ ಮೆತ್ತನೆಯ ಕುರ್ಚಿ ತರಿಸಿದೆ. ಕೈಯಿಂದ ಪೊರಕೆ ಕಿತ್ತುಕೊಂಡೆ. ರೊಟ್ಟಿ ಬಡಿಯಲು ಎದ್ದರೆ ಸೊಸೆ ಅನುಜಾ, "ಅತ್ತೀ, ಏಳಬ್ಯಾಡ್ರಿ, ನಾ ಇದ್ದೇನಲ್ರಿ," ಎನ್ನುತ್ತಿದ್ದಳು. ಒಳ್ಳೆಯ ಹುಡುಗಿ. ಅವಳ ಒಳ್ಳೆಯತನವೂ ನನ್ನ ಅಪ್ಪಣೆಯಂತೆಯೇ ನಡೆಯಿತು. ಕಾಯಿಲೆಯವಳನ್ನು ನೋಡಲು ಬಂದ ಬೀಗರು, ಅಂಗಡಿಯವರು, ಮಠದವರು ಎಲ್ಲರೂ ತೆಂಗಿನಕಾಯಿ ಕೊಟ್ಟು, ಕೈ ಮುಗಿದು, ಕುಂದ್ರಿ ಕುಂದ್ರಿ ಎಂದು ಹೇಳಿ ಹೋದರು. ಇಷ್ಟರ ಮೇಲೆ ಅವಳು ಗುಣವಾದದ್ದಕ್ಕೆ ಹರಕೆಯೆಂದು ಉದ್ಯಾನಕ್ಕೆ ಅವಳ ಹೆಸರಿನಲ್ಲೊಂದು ಬೆಂಚು ಮಾಡಿಸಿ ಕೊಟ್ಟೆ.

ನಾನು ಕೊಟ್ಟೆನೆಂದರೆ ಪೇಠೆಯವರು ಸುಮ್ಮನಿರುತ್ತಾರೆಯೇ? ಹಿಟ್ಟಿನ ಗಿರಣಿಯವರು ತಂದೆಯ ಹೆಸರಿನಲ್ಲಿ ಎರಡು, ಬಟ್ಟೆ ಅಂಗಡಿಯವರು ಅತ್ತೆಯ ಹೆಸರಿನಲ್ಲಿ ಮೂರು, ಹೀಗೆ ಹನ್ನೊಂದಾದವು. ಉಳಿದ ಹತ್ತೂ ತೀರಿಕೊಂಡವರ ನೆನಪಿನವು. ಪೇಂಟರನಿಗೆ ಕೈ ಅದೇ ರೂಢಿಗೆ ಬಿದ್ದು ನಮ್ಮದರ ಮೇಲೂ 'ಗಿರಿಜಾಬಾಯಿಯವರ ಸ್ಮರಣಾರ್ಥ' ಎಂದು ಬರೆದುಬಿಟ್ಟ. ಅದನ್ನು ಓದಿ ಗಿರಿಜೆ ಬಿದ್ದು ಬಿದ್ದು ನಕ್ಕಳು. "ನನಗ ಒಂದ ಮಾತ ತಿಳಸಬೇಕಿತ್ತಲ್ರಿ, ನಾನೂ ಮಣ್ಣಿಗಿ ಬರ್ತಿದ್ನಿ," ಎಂದಳು. ನಾನು ನಗಲಿಲ್ಲ. ನಗಬೇಕಾದದ್ದು ಯಾವುದು, ಅಳಬೇಕಾದದ್ದು ಯಾವುದು ಎಂದು ನನಗೆ ತಿಳಿದದ್ದು ಇನ್ನೂ ಮೂರು ತಿಂಗಳ ಮೇಲೆ.

ಆದರೆ ಬೆಂಚು ಕೊಟ್ಟ ಪಾಪ ನನ್ನದಾದರೆ, ಅದನ್ನು ಇಟ್ಟ ಜಾಗದ ಪುಣ್ಯ ತಮ್ಮದು. ಹುಲ್ಲಿನ ಮೇಲೆ ಇಡಲು ತಳಕ್ಕೆ ಹೊಸದಾಗಿ ಕಾಂಕ್ರೀಟು ಹಾಕಬೇಕು. ದಾರಿ ಹೇಗೂ ಕಾಂಕ್ರೀಟಿನದೇ. ತೂತು ಕೊರೆದು ಬೋಲ್ಟು ಬಿಗಿದರೆ ಕೆಲಸ ಮುಗಿಯಿತು. ಆಗಸ್ಟ್ ಹದಿನೈದಕ್ಕೆ ಉದ್ಘಾಟನೆ ಆಗಲೇಬೇಕಿತ್ತು. ತಮ್ಮ ಜಾಣತನವನ್ನು ನಾನು ವ್ಯಾಪಾರಿಯಾಗಿ ಮೆಚ್ಚುತ್ತೇನೆ. ಮಾತಾಡಲು ಅನುಕೂಲವಾಗಲೆಂದು ಬೆಂಚುಗಳನ್ನು ದಾರಿಯ ಒಳಮುಖಕ್ಕೆ ತಿರುಗಿಸಿದ್ದೀರಿ. ಕೂತವರು ಕಾಲು ಚಾಚಿದರೆ ದಾರಿಯಲ್ಲಿ ಒಂದೂವರೆ ಅಡಿ ಉಳಿಯುತ್ತದೆ.

ತಾವು ಹೇಳಿದ್ದೀರಿ, ಒಂದೂವರೆ ಅಡಿಯಲ್ಲಿ ಒಬ್ಬರು ನಡೆಯಬಹುದಲ್ಲ ಎಂದು. ನಡೆಯಬಹುದು. ಕಬ್ಬಿಣ ಅವಳನ್ನು ತಡೆಯಲಿಲ್ಲ. ತಡೆದದ್ದು ಮರ್ಯಾದೆ. ಮೊದಲನೆಯ ಬೆಂಚಿನ ಮೇಲೆ ಗಿರಣಿಯ ಅಜ್ಜ ಇರುತ್ತಾರೆ. "ಬರ್ರಿ ಅಕ್ಕಾರ, ಕುಂದ್ರಿ. ಆಪರೇಶನ್ ಆಗೇದ, ಯಾಕ ತ್ರಾಸ ಮಾಡ್ಕೋತೀರಿ?" ಹಿರಿಯರು ಜಾಗ ಸರಿದು ಕೊಟ್ಟ ಮೇಲೆ ದಾಟಿ ಹೋಗುವುದು ಹೇಗೆ? ಕೂತಳು. ಎರಡನೆಯದರ ಮೇಲೆ ನಮ್ಮ ಬೀಗರು. ಅವರ ಕಡೆ ಕೂರದೆ ಹೋದರೆ ಮಗಳ ಮನೆಗೆ ಸುದ್ದಿ ಹೋಗುತ್ತದೆ. ಕೂತಳು. ಮೂರನೆಯದರಲ್ಲಿ ಕೂರದಿದ್ದರೆ ಎರಡನೆಯದರಲ್ಲಿ ಯಾಕೆ ಕೂತಳು ಎಂದು ಕೇಳುತ್ತಾರೆ. ಆರು ಸುತ್ತು ಮೂರಾಯಿತು, ಮೂರು ಒಂದಾಯಿತು, ನವರಾತ್ರಿಯ ಹೊತ್ತಿಗೆ ಅವಳು ಉದ್ಯಾನದ ಗೇಟಿನಿಂದ ಮೊದಲನೆಯ ಬೆಂಚಿನವರೆಗೆ ಹೋಗಿ, ಒಂದು ತಾಸು ಕೂತು, ಮನೆಗೆ ಬರುತ್ತಿದ್ದಳು. ಬಿಳಿ ಬೂಟು ಮಾತ್ರ ದಿನಾ ಹಾಕಿಕೊಳ್ಳುತ್ತಿದ್ದಳು. ನಾನು ಜೊತೆಗೇ ಇದ್ದೆ. ಎಷ್ಟು ಜನ ಇವಳನ್ನು ಮಾತಾಡಿಸುತ್ತಾರಲ್ಲ ಎಂದು ಹಿಗ್ಗುತ್ತಿದ್ದೆ.

ಅದೇ ಹೊತ್ತಿಗೆ ತಮ್ಮ ಕಚೇರಿಯಿಂದ ತಪಾಸಣೆಗೆ ಒಬ್ಬರು ಬಂದರು. ಬೆಳಿಗ್ಗೆ ಏಳಕ್ಕೆ ಬೆಂಚುಗಳ ಮೇಲೆ ಕೂತವರನ್ನು ಎಣಿಸಿದರು. ಹನ್ನೊಂದೂ ಭರ್ತಿ. ಹಿರಿಯ ನಾಗರಿಕರು ಸೌಲಭ್ಯವನ್ನು ಪೂರ್ಣವಾಗಿ ಬಳಸುತ್ತಿದ್ದಾರೆ ಎಂದು ವರದಿಯಾಯಿತು. ನಡೆಯುವವರನ್ನು ಅವರು ಎಣಿಸಲಿಲ್ಲ. ಆ ಹೊತ್ತಿಗೆ ಎಣಿಸಲು ಯಾರೂ ಉಳಿದಿರಲಿಲ್ಲ.

ಅಕ್ಟೋಬರ್ ಒಂದಕ್ಕೆ ಹಿರಿಯ ನಾಗರಿಕರ ದಿನವೆಂದು ಅದೇ ಉದ್ಯಾನದಲ್ಲಿ ಸನ್ಮಾನ. 'ಚಟುವಟಿಕೆಯ ಮುಪ್ಪು, ಆರೋಗ್ಯದ ಮುಪ್ಪು' ಎಂದು ಬ್ಯಾನರು. ಮುಖ್ಯ ಅತಿಥಿಗಳು ಬರುವುದು ಎರಡು ತಾಸು ತಡವಾಯಿತು. ಅಷ್ಟೂ ಹೊತ್ತು ನಲವತ್ತು ಜನ ಮುದುಕ ಮುದುಕಿಯರನ್ನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಚಟುವಟಿಕೆಯಿಂದ ಕೂರಿಸಲಾಯಿತು. ನೀರು ಕುಡಿಯಲು ಎದ್ದವರನ್ನು ಸ್ವಯಂಸೇವಕರು ಓಡಿಬಂದು ಕೂರಿಸಿ, ನೀರನ್ನೇ ತಂದುಕೊಟ್ಟರು. ಹಿರಿಯರು ಸಮಾಜದ ಆಧಾರಸ್ತಂಭಗಳು ಎಂದು ತಾವು ಭಾಷಣದಲ್ಲಿ ಹೇಳಿದಿರಿ. ಸ್ತಂಭಗಳಿಗೆ ನಡೆಯುವ ದಾರಿ ಯಾಕೆ ಬೇಕು, ಅಲ್ಲವೇ? ಕೊನೆಗೆ ಎಲ್ಲರಿಗೂ ಒಂದೊಂದು ಊರುಗೋಲು ಕೊಟ್ಟಿರಿ. ನಮ್ಮ ಮನೆಯಲ್ಲಿ ಅದು ಅಟ್ಟದ ಮೇಲಿನ ಡಬ್ಬಿ ಎಳೆಯಲು ಬಹಳ ಉಪಯೋಗಕ್ಕೆ ಬರುತ್ತಿದೆ.

ದೀಪಾವಳಿ ಮುಗಿದ ವಾರ ಗಿರಿಜೆ ಹಟ ಹಿಡಿದಳು. ಮ್ಹೈಸಾಳಕ್ಕೆ ಹೋಗಲೇಬೇಕು. ಬೇಸಿಗೆಯಲ್ಲಿ ನಾನೂರ ಹತ್ತು ಮೀಟರ್ ನಡೆಯುತ್ತಿದ್ದಾಗಲೇ ಹೊರಟಿದ್ದಳು. ಬಿಸಿಲು ಇಳಿಯಲಿ, ಮಳೆ ಮುಗಿಯಲಿ, ಹೊಳೆಯ ನೀರು ಇಳಿಯಲಿ ಎಂದು ನಾನೇ ಮುಂದಕ್ಕೆ ಹಾಕುತ್ತ ಬಂದಿದ್ದೆ. ಬಸ್ಸಿನಲ್ಲಿ ಹೋದೆವು. ಸ್ಟ್ಯಾಂಡಿನಲ್ಲಿ ಇಳಿದು ಸೆರಗು ಸಿಗಿಸಿಕೊಂಡು ಹೊರಟಳು. ನೂರು ಮೀಟರ್ ಆಗಿರಲಿಕ್ಕಿಲ್ಲ, ಒಂದು ಕಿರಾಣಿ ಅಂಗಡಿಯ ಕಟ್ಟೆ ಹಿಡಿದು ನಿಂತಳು. ಅಂಗಡಿಯವ ಓಡಿಬಂದು, "ಕುಂದ್ರಿ ಅವ್ವಾರ," ಎಂದ. ಕೂತಳು. ಮುಂದೆ ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂತಳು. ಮತ್ತೆ ಯಾರದೋ ಮನೆಯ ಮುಂದಿನ ಒಗೆಯುವ ಕಲ್ಲಿನ ಮೇಲೆ. ತುಟಿ ನೀಲಿಯಾಗಿತ್ತು. ನಾನು ರಿಕ್ಷಾ ಕರೆಯುತ್ತೇನೆ ಎಂದೆ. "ಕರದ್ರ ನೋಡ್ರಿ," ಎಂದಳು. ನಾನೂರು ಮೀಟರಿಗೆ ಮುಕ್ಕಾಲು ತಾಸಾಯಿತು.

ಸುಶೀಲಾಬಾಯಿ ಬಾಗಿಲಿಗೆ ಎದುರಾಗಿ ಮಂಚದ ಮೇಲೆ, ಕಣ್ಣು ಬೀದಿಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ತಂಗಿ ಗೋಡೆ ಹಿಡಿದು ಒಳಗೆ ಬಂದದ್ದನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ಆದರೂ ಬಾಯಿಂದ ಬಂದದ್ದು ನಮ್ಮೆಲ್ಲರ ಬಾಯಿಂದ ಬರುವ ಮಾತೇ.

"ಬಾ ಗಿರಿಜಾ, ಕುಂದ್ರ."

ಗಿರಿಜೆ ನಿಂತಲ್ಲೇ ಅತ್ತುಬಿಟ್ಟಳು. "ಅಕ್ಕಾ, ನೀನರ ಕುಂದ್ರ ಅನಬ್ಯಾಡ. ಎಲ್ಲಾರೂ ಕುಂದ್ರಿಸಿ ಕುಂದ್ರಿಸಿ ನನ್ನ ಕಾಲ ತಗೊಂಡ್ರು."

ಆಪರೇಶನ್ನಿನ ದಿನವೂ ಅಳದವಳು. ನಾನು ಹೊರಗೆ ಹೋಗಿ ಬೀದಿಯಲ್ಲಿ ನಿಂತೆ. ಯಾರೋ ಪುಣ್ಯಾತ್ಮರು, "ಸಾವ್ಕಾರ್ರ, ಬಿಸಲಾಗ ಯಾಕ ನಿಂತೀರಿ, ಬರ್ರಿ ಕುಂದ್ರಿ," ಎಂದರು. ಅವರ ಮೇಲೆ ನಾನು ರೇಗಿದೆ. ಅವರಿಗೆ ಈ ಪತ್ರದ ಮೂಲಕ ಕ್ಷಮೆ ಕೇಳುತ್ತೇನೆ.

ಮರುದಿನ ದವಾಖಾನೆಗೆ ಓಡಿದೆವು. ಹೊಸ ಅಡ್ಡಿ ಯಾವುದೂ ಇಲ್ಲ, ಹೊಲಿದ ನರಗಳು ಸರಿಯಾಗಿವೆ ಎಂದರು ಡಾಕ್ಟರು. ಕಾರಿಡಾರಿನಲ್ಲಿ ವೃಷಾಲಿ ಮತ್ತೆ ಅಳೆದಳು. ಆರು ನಿಮಿಷಕ್ಕೆ ಇನ್ನೂರ ಅರವತ್ತೈದು. ಹನ್ನೆರಡು ವಾರ ಬೆವರು ಸುರಿಸಿ ಗಳಿಸಿದ್ದು ಹೆಚ್ಚುಕಡಿಮೆ ಪೂರಾ ಹೋಗಿತ್ತು. ಆ ಹುಡುಗಿ ಕಳೆದುಹೋದ ಮೀಟರುಗಳನ್ನು ಮರಾಠಿಯಲ್ಲಿ ಎಣಿಸಿದಳು, ಆಮೇಲೆ ಕನ್ನಡಕ್ಕೆ ಬಂದಳು.

"ಕಾಕಾ, ಏನ ಮಾಡಿಟ್ರಿ ಇವರನ್ನ? ರೊಕ್ಕದ ತಿಜೋರಿ ಅಂತ ತಿಳದೀರೇನ, ಒಂದ ಕಡೆ ಇಟ್ಟ ಕೀಲಿ ಹಾಕಾಕ? ಇವತ್ತ ಸುರು ಮಾಡಿದ್ರ ತಿರುಗಿ ಬರ್ತದ. ಇನ್ನ ಆರ್ ತಿಂಗಳ ಹಿಂಗ ಕುಂತ್ರ ಬಚ್ಚಲಕ್ಕ ಹೋಗಾಕೂ ದಮ್ಮ ಹತ್ತತದ. ಆವಾಗ ನನ್ನ ಕಡೆ ಬರಬ್ಯಾಡ್ರಿ."

ಅಂದಿನಿಂದ ಮನೆಯಲ್ಲಿ ಕಾಯಿದೆ ಬದಲಾಗಿದೆ. ರೊಟ್ಟಿ ಅವಳೇ ಬಡಿಯುತ್ತಾಳೆ. ಮೆತ್ತನೆಯ ಕುರ್ಚಿ ಅಟ್ಟಕ್ಕೆ ಹೋಗಿದೆ. ಯಾರಾದರೂ ಬಂದರೆ ಅನುಜಾ 'ಬರ್ರಿ' ಎಂದಷ್ಟೇ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಬಂದವರು ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿರುತ್ತಾರೆ. ಆದರೆ ಮನೆಯಲ್ಲಿ ಅರ್ಧ ತಾಸು ನಡೆಯಲು ನಮ್ಮದು ಅರಮನೆಯಲ್ಲ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಹೆಜ್ಜೆ. ಹೆಜ್ಜೆ ಬೀಸುವ ಮುಂಚೆಯೇ ತಿರುವು ಬರುತ್ತದೆ, ಅವಳಿಗೆ ತಲೆ ತಿರುಗುತ್ತದೆ.

ತಮ್ಮ ಕಚೇರಿಗೆ ಮೂರು ಸಲ ಬಂದೆ. ಪ್ರತಿ ಸಲವೂ ಗುಮಾಸ್ತರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಕೊಟ್ಟರು. ತಾವು ಚಹಾ ತರಿಸಿದಿರಿ. ಮೂರು ಭೇಟಿ ಸೇರಿ ನಾನು ಅಲ್ಲಿ ನಾಲ್ಕು ತಾಸು ಹದಿನೈದು ನಿಮಿಷ ಕೂತಿದ್ದೇನೆ. ಕೂರುವ ಅನುಕೂಲದಲ್ಲಿ ತಮ್ಮ ಕಚೇರಿಗೆ ಸಮನಾದದ್ದು ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಬೆಂಚಿನ ಮಾತು ಬಂದಾಗ ಮಾತ್ರ ತಾವು, ದಾನವಾಗಿ ಬಂದ ವಸ್ತುವನ್ನು ಕದಲಿಸಿದರೆ ದಾನಿಗಳ ಮನಸ್ಸು ನೋಯುತ್ತದೆ ಎಂದಿರಿ. ದಾನಿ ನಾನೇ, ನೋಯುವುದಿಲ್ಲ, ಎಂದೆ. ಹಾಗಾದರೆ ಉಳಿದ ದಾನಿಗಳ ಒಪ್ಪಿಗೆ ತನ್ನಿ ಎಂದಿರಿ. ಆ ಹತ್ತು ಬೆಂಚುಗಳ ಮೇಲಿನ ಹೆಸರಿನವರೆಲ್ಲ ತೀರಿಕೊಂಡವರು. ಕೊಟ್ಟವರ ಸಹಿ ತಂದೆ. ಅದನ್ನು ಸಭೆಯ ಮುಂದೆ ಇಡಬೇಕು ಎಂದಿರಿ. ಸಭೆ ಯಾವಾಗ ಎಂದೆ. ತಾವು ಪ್ರೀತಿಯಿಂದ, "ಕಾಕಾ, ಬಸಾ ನಾ, ಚಹಾ ಘ್ಯಾ," ಎಂದಿರಿ. ಕೂತೆ. ಚಹಾ ಕುಡಿದೆ. ಅದು ಡಿಸೆಂಬರ್ ನಾಲ್ಕು.

ಹೋದ ವಾರ ನಾನು ಮತ್ತು ಬಾಹುಬಲಿ ಉದ್ಯಾನಕ್ಕೆ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಹೋದೆವು. ಬಾಹುಬಲಿಯವರಿಗೆ ಇದರಲ್ಲಿ ಸ್ವಾರ್ಥವಿಲ್ಲ. ಅವರು ತಮ್ಮ ಹೊಲದ ಬದುವಿನ ಮೇಲೆ ದಿನಾ ನಡೆದು ಗಟ್ಟಿಯಾಗಿದ್ದಾರೆ. ಬದುವಿನ ಮೇಲೆ ಯಾರೂ ಬೆಂಚು ದಾನ ಮಾಡಿಲ್ಲ. ಎರಡು ನಟ್ಟು ಬಿಚ್ಚುವಷ್ಟರಲ್ಲಿ ದಾದಾಸಾಬ ಬಂದರು.

"ಸಾವ್ಕಾರ್ರ, ಇದ ಸರಕಾರಿ ಸಾಮಾನ ಐತ್ರಿ."

"ನಾನೇ ಕೊಟ್ಟೇನಿ ದಾದಾಸಾಬ, ನಮ್ಮ ಮನೀ ಹೆಸರ ಅದ ನೋಡ್ರಿ."

"ಕೊಟ್ಟ ಮ್ಯಾಲೆ ಅದು ನಿಮ್ದಲ್ರಿ. ನಾ ಬಿಟ್ರ ನನ್ನ ನೌಕರಿ ಹೋಗ್ತದ." ಅವರ ದನಿ ಸಣ್ಣದಾಯಿತು. "ನಾನೂ ನೋಡ್ಕೋತ ಬಂದೇನ್ರಿ. ಆರ್ ಸುತ್ತ ಹಾಕ್ತಿದ್ರು ಬಾಯಿಯವ್ರು. ನಾ ಏನ ಮಾಡ್ಲಿ? ಸಾಹೇಬ್ರ ಸಹಿ ಒಂದ ತರ್ರಿ, ನಾನ ಬಿಚ್ಚಿ ಕೊಡ್ತೇನಿ."

ಬಿಚ್ಚಿದ ಎರಡು ನಟ್ಟುಗಳನ್ನು ನಾವು ಮರಳಿ ಬಿಗಿದು ಬಂದೆವು. ಎಪ್ಪತ್ತು ದಾಟಿದ ಇಬ್ಬರು ಮುದುಕರು, ಅದರಲ್ಲೊಬ್ಬರ ಹೃದಯದಲ್ಲಿ ಸ್ಟೆಂಟ್. ನಮ್ಮನ್ನು ನೋಡಿ ಬೆಂಚಿನವರು ಏನೆಂದು ಕರೆದಿರಬಹುದು, ತಾವೇ ಊಹಿಸಿ.

ಮನೆಗೆ ಬಂದು ಗಿರಿಜೆಗೆ ಹೇಳಿದೆ, ಆಗಲಿಲ್ಲ ಎಂದು. ಅವಳು ಪಡಸಾಲೆಯಲ್ಲಿ ಹನ್ನೊಂದು ಹೆಜ್ಜೆ ಹಾಕುತ್ತಿದ್ದವಳು ನಿಂತಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನನ್ನ ಕುಂದ್ರಿಸಿದವರು ನೀವ ರೀ," ಎಂದಳು. "ಎಬ್ಬಸವರೂ ನೀವ ಆಗಬೇಕು. ಅಕ್ಕಗ ಎಂಬತ್ತೊಂದು. ಆಕೀ ಬಾಗಲಾ ನೋಡ್ಕೋತ ಕುಂತಾಳ."

ಮಾನ್ಯರೇ, ನಾನು ಅಷ್ಟು ವರ್ಷ ಗಾದಿಯ ಮೇಲೆ ಕೂತು ಊರಿಗೆಲ್ಲ ಉತ್ತರ ಕೊಟ್ಟವನು; ಈ ಮಾತಿನ ಉತ್ತರ ಮಾತ್ರ ತಮ್ಮ ಸಹಿಯಲ್ಲಿದೆ. ಆದ್ದರಿಂದ ಈಗ ಬೇಡಿಕೆಗೆ ಬರುತ್ತೇನೆ. ದವಾಖಾನೆಯವರು ಹನ್ನೆರಡು ವಾರ ನಡೆಸಿ, ಇನ್ನು ಜೀವ ಇರುವವರೆಗೆ ನಡೆಯಿರಿ ಎಂದು ಹೊರಗೆ ಬಿಡುತ್ತಾರೆ. ಹೊರಗೆ ನಡೆಯಲು ದಾರಿ ಇದೆಯೇ ಎಂದು ಅವರು ನೋಡುವುದಿಲ್ಲ, ಅದು ತಮ್ಮ ಖಾತೆ. ಹೊಲಿಗೆ ಅವರದು, ಹೆಜ್ಜೆ ನಮ್ಮದು, ದಾರಿಯೊಂದನ್ನು ತಾವು ಕೊಡಬೇಕು. ಹೊಸದೇನೂ ಕಟ್ಟಿಸುವುದು ಬೇಡ, ಶಾಲು ಬೇಡ, ಊರುಗೋಲು ಬೇಡ, ಫಲಕ ಬೇಡ. ಇದ್ದ ದಾರಿಯ ಮೇಲೆ ನಾವು ಹೇರಿದ ಗೌರವವನ್ನು ಬಿಚ್ಚಿ ಬದಿಗಿಡಲು ಅಪ್ಪಣೆ ಕೊಟ್ಟರೆ ಸಾಕು. ಕೂರಬೇಕೆನ್ನುವವರು ಹುಲ್ಲಿನ ಮೇಲೆ ಸುಖವಾಗಿ ಕೂರಲಿ, ಅವರ ಮೇಲೆ ನನಗೆ ದ್ವೇಷವಿಲ್ಲ. ತಳದ ಕಾಂಕ್ರೀಟು ನಾನು ಹಾಕಿಸಿ ಕೊಡುತ್ತೇನೆ. ದಾನವೆಂದು ಮಾತ್ರ ಬರೆದುಕೊಳ್ಳಬೇಡಿ.

ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಪೇಠೆಯ ನಾಲ್ವರು ಹಮಾಲರನ್ನು ಕರೆದುಕೊಂಡು ಉದ್ಯಾನಕ್ಕೆ ಬರುತ್ತೇನೆ. ಅಷ್ಟರೊಳಗೆ ತಮ್ಮ ಸಹಿ ದಾದಾಸಾಬರ ಕೈಯಲ್ಲಿದ್ದರೆ ಅವರ ನೌಕರಿ ಉಳಿಯುತ್ತದೆ. ಇಲ್ಲದಿದ್ದರೆ ಸರಕಾರಿ ಆಸ್ತಿಯನ್ನು ನಾಲ್ಕು ಅಡಿ ದೂರಕ್ಕೆ ಕದ್ದೊಯ್ದನೆಂದು ನನ್ನೊಬ್ಬನ ಮೇಲೆ ದೂರು ದಾಖಲಿಸಿ. ಠಾಣೆಯಲ್ಲಿ ನನ್ನನ್ನು ಎಷ್ಟು ಹೊತ್ತಾದರೂ ಕೂರಿಸಿರಿ, ನನಗೆ ರೂಢಿಯಿದೆ. ಅವಳು ಆ ಹೊತ್ತಿಗೆ ಎರಡನೆಯ ಸುತ್ತಿನಲ್ಲಿರುತ್ತಾಳೆ.

ಒಂದೇ ವಿನಂತಿ. ಪರಿಶೀಲನೆಯಲ್ಲಿದೆ, ದಯವಿಟ್ಟು ಕಾಯಿರಿ ಎಂದು ಬರೆಯಬೇಡಿ. ಕಾಯುವ ಕೆಲಸವನ್ನು ನಮ್ಮಲ್ಲಿ ಕೂತೇ ಮಾಡುತ್ತಾರೆ. ನನ್ನ ಹೆಂಡತಿಗೆ ಇನ್ನು ಕೂರಲು ಸಮಯವಿಲ್ಲ.

ಇಂತಿ,
ಪ್ರೀತಿಯಿಂದಲೇ ಹೆಂಡತಿಯ ಕಾಲು ಕಸಿದುಕೊಂಡವನು,
ಮೊದಲನೆಯ ಬೆಂಚಿನ ದಾನಿ,
ಗುರುಸಿದ್ಧಪ್ಪ ಐಗಳಿ
(ನಿಂತುಕೊಂಡು ಬರೆದದ್ದು)